ಬಿಳಿಗಾರ ಎರಡು ಗ್ರಾಂ

ನಮ್ಮ ಕಾಕಾನ ಡಾರ್ಕ್‌ರೂಮಿನ ಬಾಗಿಲ ಹಿಂಬದಿಗೆ ನೀಲಿ ಪೇಂಟಿನಲ್ಲಿ ನಾಲ್ಕು ಸಾಲು ಬರೆದಿದೆ. ಮೆಟಾಲ್ 2. ಸಲ್ಫೈಟ್ 100. ಹೈಡ್ರೋ 5. ಬಿಳಿಗಾರ 2. ಅದರ ಕೆಳಗೊಂದು ಗೆರೆ. ಗೆರೆಯ ಕೆಳಗೆ, ನೀರು 1 ಲೀಟರ್.

ಕಾಕಾನ ಫೋಟೋ ಸ್ಟುಡಿಯೋ ಈಗಿಲ್ಲ. ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಗಲ್ಲಿಯಲ್ಲಿತ್ತು. ಖಾಲಿ ಮಾಡುವಾಗ ಕಾಕಾ ಆ ಬಾಗಿಲನ್ನು ಬಿಟ್ಟು ಬರಲಿಲ್ಲ. ಕಿತ್ತು ಮನೆಗೆ ತಂದರು. ಈಗ ಅದು ನಮ್ಮ ಹಿತ್ತಲ ಬಚ್ಚಲಿನ ಬಾಗಿಲು. ನಾನು ಫಿಲ್ಮ್ ರೋಲ್ ತೊಳೆಯುವುದು ಅದೇ ಬಚ್ಚಲಲ್ಲಿ. ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಆ ನಾಲ್ಕು ಸಾಲು ಕಣ್ಣ ಮುಂದೆ.

ತೊಳೆಯುವುದು ಅಂತಲೇ ಬರೆಯುತ್ತೇನೆ. ಸ್ಟುಡಿಯೋದಲ್ಲಿ ಯಾರೂ ಡೆವಲಪ್ ಮಾಡುವುದು ಅಂತಿರಲಿಲ್ಲ. ರೋಲ್ ತೊಳೆದಾಯ್ತಾ, ಯಾವಾಗ ತೊಳೆದು ಕೊಡ್ತೀರಿ, ಹೀಗೇ ಮಾತು ನಡೆಯುತ್ತಿತ್ತು.

ಆ ನಾಲ್ಕು ಸಾಲು ಏನು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಅದು ಕೊಡಾಕ್‌ನ ಡಿ-76. 1920ರ ದಶಕದಲ್ಲಿ ಸಿನಿಮಾ ಫಿಲ್ಮಿಗಾಗಿ ಮಾಡಿದ ಡೆವಲಪರ್, ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ನೀರು. ಆಮೇಲೆ ಪ್ರಪಂಚದ ಎಷ್ಟೋ ಸ್ಟುಡಿಯೋಗಳಿಗೆ ಹೋಯಿತು. ಇಲ್ಫೋರ್ಡ್ ಎಂಬ ಇನ್ನೊಂದು ಫಿಲ್ಮ್ ಕಂಪನಿಯ ಐಡಿ-11 ಕೂಡ ಇದೇ ಅಳತೆ. ಕಾಕಾಗೆ ಈ ಹೆಸರು ಯಾವುದೂ ಬೇಕಿರಲಿಲ್ಲ. ಅವರು ಕೆಲಸ ಕಲಿತ ಉಸ್ತಾದರು ಬಾಯಲ್ಲಿ ಹೇಳಿದ್ದನ್ನು ಬಾಗಿಲ ಮೇಲೆ ಬರೆದುಕೊಂಡಿದ್ದರು. ಅದನ್ನು 'ಬಿಳಿಗಾರದ ನೀರು' ಅಂತ ಕರೆಯುತ್ತಿದ್ದರು.

ಬಿಳಿಗಾರ ಅಂದರೆ ಬೋರಾಕ್ಸ್. ಪತ್ತಾರರು ಬಂಗಾರ ಬೆಸೆಯುವಾಗ ಹಾಕುವ ಬಿಳಿ ಹರಳು. ಕಾಕಾ ಅದನ್ನು ತರುತ್ತಿದ್ದುದು ಪತ್ತಾರರ ಅಂಗಡಿಯಿಂದಲೇ. ಎರಡು ಗ್ರಾಂ ತೂಗಿಸುತ್ತಿದ್ದುದೂ ಅವರ ತಕ್ಕಡಿಯಲ್ಲೇ. ಲ್ಯಾಬಿನ ಬಾಟಲಿಯಲ್ಲಿ ಬರುವ ಬೋರಾಕ್ಸೂ ಇದೂ ಒಂದೇ ವಸ್ತು. ಬೆಲೆ ಮಾತ್ರ ಬೇರೆ.

ನಾನು ಮೊದಲ ಸಲ ಬದಲಿ ವಸ್ತು ಹಾಕಿ ರೋಲ್ ಹಾಳು ಮಾಡಿಕೊಂಡಿದ್ದು 2019ರಲ್ಲಿ. ಸಂಕ್ರಾಂತಿಗೆ ಸಿದ್ದೇಶ್ವರ ಜಾತ್ರೆಯಲ್ಲಿ ಒಂದು ರೋಲ್ ಪೂರ್ತಿ ತೆಗೆದಿದ್ದೆ. ನಂದಿಕೋಲು ಹೊತ್ತವರು, ಮಿಠಾಯಿ ಅಂಗಡಿ, ದನದ ಸಂತೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ ಒಬ್ಬ ಮುದುಕರು. ಮನೆಗೆ ಬಂದು ನೋಡಿದರೆ ಸಲ್ಫೈಟ್ ಮುಗಿದಿತ್ತು. ಕೆಮಿಕಲ್ ಮಾರುವ ಒಂದು ಅಂಗಡಿಗೆ ಹೋಗಿ ಕೇಳಿದೆ. "ಅದ ರೀ, ಸಲ್ಫೈಟ್ ಅದ" ಅಂತ ಒಂದು ಪಾಕೀಟು ಕೊಟ್ಟರು. ಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಅಂತಿತ್ತು. ಹೆಸರಿನ ಕೊನೆಗೆ ಸಲ್ಫೈಟ್ ಇದೆಯಲ್ಲ, ಸಾಕು ಅಂದುಕೊಂಡೆ. 100 ಗ್ರಾಂ ತೂಗಿ ಹಾಕಿದೆ. ಕಲಸುವಾಗ ಮೂಗಿಗೆ ಘಾಟು ಬಡಿಯಿತು. ಬೆಂಕಿಕಡ್ಡಿ ಗೀರಿದಾಗ ಬರುತ್ತದಲ್ಲ, ಅದೇ ಘಾಟು. ಸಲ್ಫೈಟ್ ಕಲಸುವಾಗ ಆ ವಾಸನೆ ಬರುವುದಿಲ್ಲ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಡಬ್ಬಿಯಿಂದ ಹೊರಗೆ ಬಂದ ಫಿಲ್ಮ್ ಗಾಜಿನ ಹಾಗಿತ್ತು. ಈ ತುದಿಯಿಂದ ಆ ತುದಿವರೆಗೂ ಏನೂ ಇಲ್ಲ. ಕ್ಯಾಮೆರಾ ಕೆಟ್ಟಿರಬೇಕು, ಶಟರ್ ತೆರೆದೇ ಇಲ್ಲ ಅಂತ ನಾನು ಗೋಳಾಡುತ್ತಿದ್ದೆ. ಕಾಕಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಡುವಿನ ಜಾಗ ನೋಡಲೇ ಇಲ್ಲ. ಅಂಚು ನೋಡಿದರು. "ನಂಬರ್ ಇಲ್ಲೋ ತಮ್ಮಾ" ಅಂದರು.

ಫಿಲ್ಮಿನ ಅಂಚಿಗೆ 1, 1ಎ, 2, 2ಎ ಅಂತ ನಂಬರ್ ಇರುತ್ತದೆ. ಅವನ್ನು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಒತ್ತಿರುತ್ತಾರೆ. ನಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ. ಚಿತ್ರ ಬಾರದೆ ನಂಬರ್ ಮಾತ್ರ ಬಂದರೆ ತಪ್ಪು ಕ್ಯಾಮೆರಾದ್ದು. ನಂಬರೂ ಬರಲಿಲ್ಲ ಅಂದರೆ ತಪ್ಪು ನೀರಿನದು. ಕಾಕಾ ಪಾಕೀಟು ತರಿಸಿ ಓದಿದರು. ಬೈಯಲಿಲ್ಲ. "ಹೆಸರ ನೋಡಿ ತಂದಿ. ಅದರ ಕೆಲಸಾ ಏನು ಅಂತ ಕೇಳಲಿಲ್ಲ" ಅಂದರು, ಅಷ್ಟೇ.

ಆ ಮಾತನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಬಾಗಿಲ ಮೇಲಿನ ನಾಲ್ಕು ಸಾಲನ್ನು ಆಮೇಲೆ ಹೆಸರಿನಂತೆ ಓದದೆ ಕೆಲಸದಂತೆ ಓದಲು ಕಲಿತೆ.

ಮೆಟಾಲ್ ದುಡಿಯುವ ಆಳು. ಬೆಳಕು ಬಿದ್ದ ಬೆಳ್ಳಿಯ ಕಣಗಳನ್ನು ಕಪ್ಪು ಬೆಳ್ಳಿಯಾಗಿ ಮಾಡುವುದು ಅದೇ. ಹೈಡ್ರೋ, ಅಂದರೆ ಹೈಡ್ರೋಕ್ವಿನೋನ್, ಅದರ ಜೋಡಿ. ದಣಿದ ಮೆಟಾಲ್‌ಗೆ ಮತ್ತೆ ಶಕ್ತಿ ತುಂಬುತ್ತದೆ. ಬಿಳಿಗಾರ ನೀರನ್ನು ತುಸುವೇ ಕ್ಷಾರ ಮಾಡುತ್ತದೆ. ಕ್ಷಾರ ಇಲ್ಲದಿದ್ದರೆ ಮೆಟಾಲ್ ಕೈ ಎತ್ತುವುದಿಲ್ಲ. ಸಲ್ಫೈಟ್ ಕಾವಲುಗಾರ. ಗಾಳಿ ತಾಗಿ ಮೆಟಾಲ್, ಹೈಡ್ರೋ ಎರಡೂ ಕಂದಿ ಹೋಗದಂತೆ ಕಾಯುತ್ತದೆ. ಆದರೆ 100 ಗ್ರಾಂ ಯಾಕೆ? ಬರೀ ಕಾವಲಿಗೆ ಅಷ್ಟು ಬೇಡ. ಅಷ್ಟು ಸಲ್ಫೈಟ್ ಇದ್ದಾಗ ಅದು ಬೆಳ್ಳಿಯ ಕಣವನ್ನು ಸ್ವಲ್ಪ ಕರಗಿಸಿ ಚಿತ್ರದ ಕಾಳನ್ನು ನುಣ್ಣಗೆ ಮಾಡುತ್ತದೆ. ಜೊತೆಗೆ ತಾನೂ ಸ್ವಲ್ಪ ಕ್ಷಾರ.

ನಾನು ಹಾಕಿದ ಮೆಟಾಬೈಸಲ್ಫೈಟ್ ಕೂಡ ಕಾವಲು ಕಾಯುತ್ತದೆ. ಆದರೆ ಅದು ಹುಳಿ. 100 ಗ್ರಾಂ ಹುಳಿಯ ಮುಂದೆ 2 ಗ್ರಾಂ ಬಿಳಿಗಾರ ಏನು ಮಾಡೀತು? ಮೆಟಾಲ್ ನೀರಲ್ಲೇ ಇತ್ತು, ಕೆಲಸ ಮಾಡಲಿಲ್ಲ.

ಅದೇ ಮೆಟಾಬೈಸಲ್ಫೈಟನ್ನು ಸಲ್ಫೈಟ್ ಮಾಡಿಕೊಳ್ಳಬಹುದು ಅಂತ ಆಮೇಲೆ ಲೆಕ್ಕ ಹಾಕಿದೆ. ಸುಮಾರು 75 ಗ್ರಾಂಗೆ 32 ಗ್ರಾಂ ಕಾಸ್ಟಿಕ್ ಸೋಡಾ ಸೇರಿಸಿದರೆ 100 ಗ್ರಾಂ ಸಲ್ಫೈಟ್ ಆಗುತ್ತದೆ. ಲೆಕ್ಕ ಸರಿ. ಒಂದು ಸಲ ಮಾಡಿಯೂ ನೋಡಿದೆ. ನೀರು ಕೈ ಇಡಲಾಗದಷ್ಟು ಕಾಯ್ದಿತು. ಕಾಸ್ಟಿಕ್ ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅದರ ಹತ್ತಿರ ಹೋಗಬೇಡಿ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ನನ್ನನ್ನು ಕೇಳಿದರೆ, ಸಲ್ಫೈಟ್ ಸಿಗುವವರೆಗೆ ಒಂದು ವಾರ ಕಾಯುವುದು ಒಳ್ಳೆಯದು.

ನಮ್ಮ ಅವ್ವ ಜೋಳದ ಹಿಟ್ಟು ನಾದುವುದನ್ನು ನೋಡುತ್ತಾ ಇದು ನನಗೆ ಇನ್ನೂ ಸ್ಪಷ್ಟವಾಯಿತು. ಗೋಧಿ ಹಿಟ್ಟಿಗೆ ಜಿಗಿ ತಾನಾಗಿ ಇರುತ್ತದೆ. ಜೋಳಕ್ಕೆ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುತ್ತಾರೆ. ಎಸರು ಬಿದ್ದರೆ ಜೋಳಕ್ಕೆ ಜಿಗಿ ಬರುತ್ತದೆ, ರೊಟ್ಟಿ ಬಡಿದರೆ ಹರಿಯುವುದಿಲ್ಲ. ಜೋಳ ಗೋಧಿ ಆಗಲಿಲ್ಲ. ಆದರೆ ಜಿಗಿಯ ಕೆಲಸ ಮಾಡುವುದೊಂದು ಸಿಕ್ಕಿತು. ಡೆವಲಪರ್‌ನಲ್ಲಿ ಬದಲಿ ಹುಡುಕುವುದೂ ಹೀಗೇ.

ಕೆಲವು ಸಲ ಬದಲಿಯೇ ಬೇಕಾಗುವುದಿಲ್ಲ. ಬಾಗಿಲ ಮೇಲಿನ ಮೂರನೇ ಸಾಲು ತೆಗೆದುಕೊಳ್ಳಿ. ಬಿಳಿಗಾರದಷ್ಟು ಮೆದು ಕ್ಷಾರದಲ್ಲಿ ಹೈಡ್ರೋಕ್ವಿನೋನ್ ಹೆಚ್ಚು ಕೆಲಸ ಮಾಡುವುದೇ ಇಲ್ಲ. ಕೊಡಾಕ್‌ನಲ್ಲಿದ್ದ ಗ್ರಾಂಟ್ ಹೈಸ್ಟ್ ಎಂಬ ರಸಾಯನ ತಜ್ಞರು ಅದನ್ನು ಪೂರ್ತಿ ಬಿಟ್ಟು, ಮೆಟಾಲ್ ಅರ್ಧ ಗ್ರಾಂ ಹೆಚ್ಚಿಸಿ ಒಂದು ಅಳತೆ ಕೊಟ್ಟಿದ್ದಾರೆ. ಮೆಟಾಲ್ 2.5, ಸಲ್ಫೈಟ್ 100, ಬಿಳಿಗಾರ 2. ಚಿತ್ರದಲ್ಲಿ ಹೆಚ್ಚುಕಮ್ಮಿ ಏನೂ ಫರಕು ಕಾಣುವುದಿಲ್ಲ. ನಾನು ಈಗ ಇದನ್ನೇ ಕಲಸುತ್ತೇನೆ. ಹೈಡ್ರೋ ಇಲ್ಲ ಅಂತ ಪೇಟೆಯೆಲ್ಲ ಅಲೆಯುವ ಮೊದಲು, ಅದು ಬೇಕೇ ಬೇಕಾ ಅಂತ ಕೇಳಿಕೊಳ್ಳಬಹುದು ಅಲ್ವಾ?

ಬಿಳಿಗಾರ ಮಾತ್ರ ಬಿಡುವ ಹಾಗಿಲ್ಲ. ಎರಡೇ ಗ್ರಾಂ, ಬಟ್ಟೆ ಸೋಡಾ ಹಾಕಿದರೆ ಆಯ್ತು ಅನ್ನುವವರಿದ್ದಾರೆ. ಬಟ್ಟೆ ಸೋಡಾ ತುಂಬ ಕಟು. ಅದು ಬಿದ್ದ ಕೂಡಲೇ ಹೈಡ್ರೋ ಎದ್ದು ಕೂರುತ್ತದೆ. ಕಪ್ಪು ಬಿಳುಪಿನ ನಡುವಿನ ಬೂದು ಬಣ್ಣಗಳೆಲ್ಲ ಕಮ್ಮಿಯಾಗಿ ಚಿತ್ರ ಒರಟಾಗುತ್ತದೆ. ರೋಲ್ ತೊಳೆಯಲು ಹಿಡಿಯುವ ಎಂಟು ನಿಮಿಷದ ಲೆಕ್ಕವೂ ತಪ್ಪುತ್ತದೆ. ಪತ್ತಾರರ ಅಂಗಡಿ ಹತ್ತು ಹೆಜ್ಜೆಯಲ್ಲಿದೆ. ಹೋಗಿ ತರಬೇಕು.

ಮೆಟಾಲ್ ವಿಷಯ ನಮ್ಮ ಮನೆಯಲ್ಲಿ ಬೇರೆ. ಕಾಕಾನ ಬಲಗೈ ಬೆರಳುಗಳ ತುದಿ ಇವತ್ತಿಗೂ ಒರಟು. ಚಳಿಗಾಲದಲ್ಲಿ ಸೀಳಿಕೊಂಡು ರಕ್ತ ಬರುತ್ತದೆ. ವರ್ಷಗಟ್ಟಲೆ ಬರಿಗೈ ಟ್ರೇಯಲ್ಲಿ ಅದ್ದಿದ್ದರ ಫಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಮ್ಮೆ ತುರಿಕೆ ಶುರುವಾದರೆ ಆಮೇಲೆ ಸ್ವಲ್ಪ ತಾಗಿದರೂ ಬರುತ್ತದೆ. ಅಂಥವರಿಗೆ ಫೆನಿಡೋನ್ ಇದೆ. ಇಲ್ಫೋರ್ಡ್‌ನವರು 1940ರಲ್ಲಿ ಕಂಡುಹಿಡಿದದ್ದು. ಮೆಟಾಲ್‌ನ ಹತ್ತರಲ್ಲಿ ಒಂದು ಪಾಲು ಸಾಕು. 2 ಗ್ರಾಂ ಬದಲು 0.2 ಗ್ರಾಂ. ಅದನ್ನು ಅಡುಗೆಮನೆಯ ತಕ್ಕಡಿ ತೂಗಲಾರದು. ಹಾಗಾಗಿ 1 ಗ್ರಾಂ ಫೆನಿಡೋನನ್ನು 100 ಮಿಲಿ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಇಡುತ್ತೇನೆ. ಬೇಕಾದಾಗ 20 ಮಿಲಿ ಸಿರಿಂಜಿನಲ್ಲಿ ಎಳೆದರೆ ಆಯಿತು. ಆದರೆ ಒಂದು ಮಾತು. ಫೆನಿಡೋನ್‌ಗೆ ಜೋಡಿ ಬೇಕೇ ಬೇಕು. ಹೈಡ್ರೋ ಇಲ್ಲವೇ ವಿಟಮಿನ್ ಸಿ. ಮೇಲೆ ಹೇಳಿದ ಮೂರೇ ವಸ್ತುವಿನ ಅಳತೆಯಲ್ಲಿ ಮೆಟಾಲ್ ತೆಗೆದು ಫೆನಿಡೋನ್ ಹಾಕಿದರೆ ಚಿತ್ರ ಪೇಲವ ಬರುತ್ತದೆ. ಒಂದನ್ನು ಬದಲಿಸಿದರೆ ಪಕ್ಕದ್ದನ್ನೂ ನೋಡಬೇಕು.

ಕಾಕಾಗೆ ಈ ಫೆನಿಡೋನ್ ಮೊದಲೇ ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ನೀರಿನ ಕಥೆ ಈ ಊರಲ್ಲಿ ಇದ್ದೇ ಇದೆ. ನಮ್ಮ ಬೋರಿನ ನೀರು ಸವಳು. ಸಲ್ಫೈಟ್ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಗೀಜರ್ ಕಾಯಿಲ್‌ಗೆ ಹತ್ತುವ ಸುಣ್ಣದ ಪದರ ಇದೆಯಲ್ಲ, ಅದೇ ಸುಣ್ಣ. ಫಿಲ್ಮಿನ ಮೇಲೆ ಕೂತರೆ ಒರೆಸಿದರೂ ಹೋಗದ ಚುಕ್ಕೆ. ಕಾಕಾ ಮಳೆ ನೀರು ಹಿಡಿದಿಡುತ್ತಿದ್ದರು. ಮೊದಲ ಮಳೆ ಮಾಳಿಗೆ ತೊಳೆಯಲು ಬಿಟ್ಟು, ಎರಡನೆಯದರಿಂದ. ನಾನು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತರುತ್ತೇನೆ.

ಬಿಸಿಲು ಇನ್ನೊಂದು. ಪುಸ್ತಕದವರೆಲ್ಲ 20 ಡಿಗ್ರಿ ಅಂತಾರೆ. ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕಿನ ನೀರು 30 ದಾಟಿರುತ್ತದೆ. 20ರಲ್ಲಿ 8 ನಿಮಿಷ ಬೇಕಾದ ಫಿಲ್ಮಿಗೆ 24ರಲ್ಲಿ ಐದೂವರೆ ನಿಮಿಷ ಸಾಕು. ಇನ್ನೂ ಮೇಲೆ ಹೋದರೆ ಫಿಲ್ಮಿನ ಮೇಲಿನ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ. ಉಗುರು ತಾಗಿದರೆ ಕಿತ್ತು ಬರುತ್ತದೆ. ಬಿಸಿ ದೇಶಗಳಿಗೆಂದು ಕೊಡಾಕ್ ಕೊಟ್ಟ ಡಿಕೆ-15 ಎಂಬ ಅಳತೆಯಲ್ಲಿ ಲೀಟರಿಗೆ 45 ಗ್ರಾಂ ಸೋಡಿಯಂ ಸಲ್ಫೇಟ್ ಇದೆ. ಜೆಲಟಿನ್ ಉಬ್ಬದಂತೆ ಹಿಡಿಯುವುದೇ ಅದರ ಕೆಲಸ. ಇಲ್ಲೂ ಹೆಸರಿನ ಮೋಸ ಇದೆ. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ. ಕಾಕಾನ ಉಪಾಯ ಮಣ್ಣಿನ ಹರವಿ. ಬಾಟಲಿಯನ್ನು ಹರವಿಯ ನೀರಲ್ಲಿ ಮುಳುಗಿಸಿ, ಹರವಿಗೆ ಒದ್ದೆ ಗೋಣಿ ಸುತ್ತಿ ರಾತ್ರಿಯಿಡೀ ಹಿತ್ತಲಲ್ಲಿ ಇಡುತ್ತಿದ್ದರು. ಬೆಳಗಿನ ಜಾವ ಎದ್ದು ತೊಳೆಯುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ.

ಮರುವರ್ಷ ಲಾಕ್‌ಡೌನ್ ಬಂತು. 2020ರ ಮಾರ್ಚ್. ಕೊರಿಯರ್ ಇಲ್ಲ, ಸೋಲಾಪುರಕ್ಕೆ ಹೋಗುವ ಹಾಗಿಲ್ಲ, ಮೆಟಾಲ್ ಡಬ್ಬಿ ಖಾಲಿ. ಕ್ಯಾಮೆರಾದಲ್ಲಿ ಒಂದು ರೋಲ್ ಮುಗಿದು ಕೂತಿತ್ತು. ತಿಕೋಟಾ ಕಡೆ ನಮ್ಮ ಮಾವನವರ ದ್ರಾಕ್ಷಿ ಶೆಡ್ಡಿನಲ್ಲಿ ತೆಗೆದದ್ದು.

ತೆರೆದಿದ್ದುದು ಕಿರಾಣಿ ಅಂಗಡಿ, ಮೆಡಿಕಲ್ ಶಾಪ್ ಅಷ್ಟೇ. ಅಷ್ಟರಲ್ಲೇ ಆಗುವ ಡೆವಲಪರ್ ಒಂದಿದೆ, ಕೆಫೆನಾಲ್. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಜೊತೆ ಕಾಫಿ ಮತ್ತು ಸೋಡಾದಿಂದ ಮಾಡಿದ್ದು. ವಿಟಮಿನ್ ಸಿ ಸೇರಿಸಿದ್ದು ಆಮೇಲೆ. ಈಗ ಹಲವರು ಬಳಸುವ ಅಳತೆ ಲೀಟರಿಗೆ ಹೀಗಿದೆ: ನೀರಿನಂಶ ಇಲ್ಲದ ಬಟ್ಟೆ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿಯಲ್ಲಿ 15 ನಿಮಿಷ. ಕಾಫಿಯಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫೀಕ್ ಆಮ್ಲದಂಥ ಬೇರೆ ವಸ್ತುಗಳು. ಚಿಕೋರಿ ಬೆರೆತ ಪುಡಿ ತರಬೇಡಿ. ಅದರಲ್ಲಿ ಪೂರ್ತಿ ಕಾಫಿ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಚೀಪುವ ವಿಟಮಿನ್ ಸಿ ಮಾತ್ರೆಯೂ ಬೇಡ. ಸಕ್ಕರೆ, ಬಣ್ಣ ಇರುತ್ತದೆ, ಎಷ್ಟೋ ಸಲ ಆಸ್ಕಾರ್ಬಿಕ್ ಆಸಿಡ್ (ಅದೇ ವಿಟಮಿನ್ ಸಿ) ಜೊತೆ ಸೋಡಿಯಂ ಆಸ್ಕಾರ್ಬೇಟ್ ಬೆರೆಸಿರುತ್ತಾರೆ. ಆಸಿಡ್ ಆದರೆ ಸೋಡಾದ ಒಂದು ಪಾಲನ್ನು ತಿಂದುಹಾಕುತ್ತದೆ. ಆಸ್ಕಾರ್ಬೇಟ್ ತಿನ್ನುವುದಿಲ್ಲ. ಅಳತೆ ಬರೆದದ್ದು ಆಸಿಡ್‌ಗೆ. ನನಗೆ ಮೆಡಿಕಲ್ ಶಾಪಿನವರು ಹುಡುಕಿ ಶುದ್ಧ ಪುಡಿ ಕೊಟ್ಟರು.

ಉಳಿದದ್ದು ಸೋಡಾ. ಸೋಡಾದಲ್ಲಿ ಎಡವುವವರೇ ಜಾಸ್ತಿ. ಹರಳು ಹರಳಾಗಿ ಸಿಗುವ ಬಟ್ಟೆ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಹರಳಿನೊಳಗೆ ಕಟ್ಟಿಕೊಂಡ ನೀರು. ಮುಟ್ಟಿದರೆ ಒಣಗಿಯೇ ಇರುತ್ತದೆ. 54 ಗ್ರಾಂ ಒಣ ಸೋಡಾದ ಕೆಲಸಕ್ಕೆ ಆ ಹರಳು ಸುಮಾರು 146 ಗ್ರಾಂ ಬೇಕು. ಹರಳು ಡಬ್ಬಿಯಲ್ಲಿ ಹಳೆಯದಾದ ಹಾಗೆ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ನೀರು ಬಿಟ್ಟುಕೊಟ್ಟ ಗುರುತು ಅದು. ಆಗ ಎಷ್ಟು ಸೋಡಾ, ಎಷ್ಟು ನೀರು ಅಂತ ಹೇಳುವುದೇ ಕಷ್ಟ.

ನನ್ನ ಹತ್ತಿರ ಇದ್ದುದು ಅಡುಗೆ ಸೋಡಾ. ಅದನ್ನು ಕಾಸಿದರೆ ಬಟ್ಟೆ ಸೋಡಾ ಆಗುತ್ತದೆ. ಸ್ಟೀಲ್ ಬಾಣಲೆಯಲ್ಲಿ ಹಾಕಿ ಒಲೆ ಮೇಲಿಟ್ಟೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಣ ಪುಡಿ ಕುದಿಯಲು ಶುರುವಾಯಿತು. ನೀರಿನ ಹನಿಯೂ ಇಲ್ಲ, ಆದರೂ ಗಂಜಿಯ ಹಾಗೆ ಅಲ್ಲಲ್ಲಿ ಉಬ್ಬುತ್ತದೆ, ಸಣ್ಣ ಸಣ್ಣ ಬಾವಿಗಳು ತೆರೆದು ಮುಚ್ಚುತ್ತವೆ. ಚಮಚ ಇಟ್ಟರೆ ನೀರಿನಲ್ಲಿ ಇಟ್ಟ ಹಾಗೆ ಜಾರುತ್ತದೆ. ಒಳಗಿನ ಗ್ಯಾಸು, ಆವಿ ಹೊರಗೆ ಬರುತ್ತಿರುವುದು ಅದು. ಅವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಪುಡಿ ಸುಮ್ಮನಾದ ಮೇಲೆ ಇಳಿಸಿ ತೂಗಿದೆ. 100 ಗ್ರಾಂ ಹಾಕಿದ್ದು 63 ಆಗಬೇಕು. 71 ಇತ್ತು. ಇನ್ನೂ ಪೂರ್ತಿ ಆಗಿಲ್ಲ ಅಂತ ಅರ್ಥ. ಮತ್ತೆ ಕಾಸುತ್ತಾ ಕೂತಾಗ ಗ್ಯಾಸ್ ಸಿಲಿಂಡರ್ ಮುಗಿಯಿತು.

ಆಗ ನೆನಪಾಗಿದ್ದು ದ್ರಾಕ್ಷಿ ಶೆಡ್.

ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿ ಮಾಡುವುದನ್ನು ನೋಡಿದವರಿಗೆ ಗೊತ್ತು. ಹಣ್ಣಿನ ಮೇಲೆ ಮೇಣದಂಥ ಪದರ ಇರುತ್ತದೆ. ಅದು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೌಡರ್ ಕಲಸಿದ ನೀರಲ್ಲಿ ಅದ್ದಿ, ಆಮೇಲೆ ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಆ ಪೌಡರ್ ಪೊಟ್ಯಾಸಿಯಂ ಕಾರ್ಬೋನೇಟ್. ಲೀಟರ್ ನೀರಿಗೆ 25 ಗ್ರಾಂ. ಅದರ ಕೆಲಸ ನೀರನ್ನು ಕ್ಷಾರ ಮಾಡುವುದು. ನನಗೆ ಬೇಕಿದ್ದ ಕೆಲಸವೂ ಅದೇ.

ಮಾವನವರಿಗೆ ಫೋನ್ ಮಾಡಿದೆ. ಆ ವರ್ಷ ಹಣ್ಣು ಮಾರಲು ಆಗದೆ ಪೂರ್ತಿ ತೋಟ ಶೆಡ್ಡಿಗೇ ಬಂದಿತ್ತು. ಅವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಆದರೂ ಹಾಲಿನ ಗಾಡಿಯ ಹುಡುಗನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಳಿಸಿದರು. ಪೌಡರ್ ಗಾಳಿಯ ಪಸೆ ಎಳೆದು ಅಂಟಂಟಾಗಿತ್ತು. ಅದು ಹಾಗೇ, ಚೀಲ ತೆರೆದಿಟ್ಟರೆ ನೀರು ಕುಡಿಯುತ್ತದೆ. ಬಿಸಿ ಬಾಣಲೆಯಲ್ಲಿ ಒಣಗಿಸಿ ತೂಗಿದೆ. ಸೋಡಿಯಂ ಬದಲು ಪೊಟ್ಯಾಸಿಯಂ ಹಾಕುವಾಗ 1.3 ಪಟ್ಟು ಬೇಕು. 54ಕ್ಕೆ 70 ಗ್ರಾಂ. ನಿಂಬೆ ಉಪ್ಪು 15 ಗ್ರಾಂ ನೀರಿಗೆ ಹಾಕಿ ಸ್ಟಾಪ್ ಬಾತ್, ಅಂದರೆ ಡೆವಲಪರ್‌ನ ಕೆಲಸ ನಿಲ್ಲಿಸುವ ಹುಳಿ ನೀರು, ಮಾಡಿಕೊಂಡೆ. ಮೂಡಿದ ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ಮಾತ್ರ ಹಿಂದಿನದು ಉಳಿದಿತ್ತು, ಮೀನಿನ ತೊಟ್ಟಿ ಮಾರುವ ಅಂಗಡಿಯಿಂದ ತಂದದ್ದು.

ರೋಲ್ ಹಾಕುವ ಮೊದಲು ಈಗ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಫಿಲ್ಮಿನ ಬಾಲ, ಅಂದರೆ ಕ್ಯಾಮೆರಾಗೆ ಹಾಕುವಾಗ ಬೆಳಕು ಬಿದ್ದ ತುದಿ, ಅದರಲ್ಲಿ ಬೆರಳಗಲ ಕತ್ತರಿಸಿ ಬೆಳಕಲ್ಲೇ ನೀರಿಗೆ ಹಾಕುತ್ತೇನೆ. ಡೆವಲಪರ್ ಜೀವಂತ ಇದ್ದರೆ ಒಂದೆರಡು ನಿಮಿಷದಲ್ಲಿ ಕಪ್ಪಾಗುತ್ತದೆ. ಅವತ್ತೂ ಹಾಕಿದೆ. ಕಾಫಿಯ ಕಂದು ನೀರಲ್ಲಿ ತುಂಡು ಕಾಣಲೇ ಇಲ್ಲ. ಇಕ್ಕಳದಿಂದ ಎತ್ತಿದರೆ ಇದ್ದಿಲಿನಂತೆ ಕಪ್ಪು.

ಬೆಳಗಿನ ಜಾವ ನಾಲ್ಕೂವರೆಗೆ ತೊಳೆದೆ. ಹರವಿಯಲ್ಲಿ ಇಟ್ಟಿದ್ದ ನೀರು 22 ಡಿಗ್ರಿ ಇತ್ತು, 13 ನಿಮಿಷ ಕೊಟ್ಟೆ. ಕೆಫೆನಾಲ್‌ನ ವಾಸನೆ ಕೆಟ್ಟದ್ದು, ಬಚ್ಚಲೆಲ್ಲ ಹಿಡಿದಿತ್ತು. ಹೈಪೋ ಮುಗಿಸಿ, ನೀರಲ್ಲಿ ಜಾಲಿಸಿ, ಹಿತ್ತಲ ತಂತಿಗೆ ಬಟ್ಟೆ ಕ್ಲಿಪ್ ಹಾಕಿ ನೇತುಬಿಟ್ಟೆ. ಕಾಕಾ ಎದ್ದು ಚಹಾ ಲೋಟ ಹಿಡಿದು ಬಂದರು. ಒಂದು ಕಣ್ಣಿಗೆ ಆಪರೇಷನ್ ಆಗಿ ಹೆಚ್ಚು ದಿನ ಆಗಿರಲಿಲ್ಲ. ಲೋಟವನ್ನು ತುಳಸಿ ಕಟ್ಟೆ ಮೇಲಿಟ್ಟು, ಆ ಒರಟು ಬೆರಳಲ್ಲಿ ಫಿಲ್ಮಿನ ಅಂಚು ಹಿಡಿದು ಸೂರ್ಯನ ಕಡೆ ತಿರುಗಿಸಿದರು. ಶೆಡ್ಡಿನ ಬಲೆಗಳು ಸಾಲಾಗಿ ಮೂಡಿದ್ದವು, ಗೊನೆ ಅದ್ದುವ ಹೆಣ್ಣುಮಕ್ಕಳ ಕೈ, ಪೌಡರ್ ಚೀಲ. ಅದನ್ನೆಲ್ಲ ಅವರು ಆಮೇಲೆ ನೋಡಿದರು.

"ನಂಬರ್ ಅದಾವ" ಅಂದರು. ಲೋಟ ಎತ್ತಿಕೊಂಡರು.